ಎದುರಿನವರ ‘ಹೌದು’: ಪ್ರೊ. ದಾನೇಶ್ವರಿಯವರ ವಾದಪಾಠ

ಹಿತ್ತಲ ಬಾಗಿಲನ್ನು ಯಾರೋ ಬಡಿದರು. ಊರು ಮಲಗಿತ್ತು, ಗಣಪತಿಯನ್ನು ಬಾವಿಗೆ ಬಿಟ್ಟು ಬಂದ ಹುಡುಗರ ಹಲಗೆಯ ಸದ್ದೂ ಅಡಗಿ ಬಹಳ ಹೊತ್ತಾಗಿತ್ತು. ಮುದುಕಿಯೊಬ್ಬಳು ಹಾಸಿಗೆಯಲ್ಲಿ ಎದ್ದು ಕುಳಿತು ಕಿವಿಗೊಟ್ಟಳು. ಮತ್ತೆ ಬಡಿದರು, ಈ ಸಲ ಬಾಗಿಲು ಚೌಕಟ್ಟಿನಲ್ಲಿ ಅಲುಗುವಷ್ಟು ಜೋರಾಗಿ. ಅವಳು ಎದ್ದುಹೋಗಿ ಅಗಳಿ ತೆಗೆದಳು. ಹೊರಗೆ ಯಾರೂ ಇರಲಿಲ್ಲ.

ಈ ಬಡಿತಕ್ಕೂ ಕಾಲೇಜಿನ ಪ್ರಬಂಧ ರಚನೆಯ ಪಾಠಕ್ಕೂ ಏನು ಸಂಬಂಧವೆಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಆದರೆ ಉಮರ್ಗಾ, ನಿಲಂಗಾ, ಉದ್ಗೀರದ ಸೀಮೆಯಲ್ಲಿ ಮೂರು ದಶಕಕ್ಕೂ ಮೀರಿ ಕನ್ನಡ ಕಲಿಸಿ ಇದೀಗ ನಿವೃತ್ತರಾಗಿರುವ ಪ್ರೊ. ದಾನೇಶ್ವರಿಯವರನ್ನು ಬಲ್ಲವರು ಈ ಪ್ರಶ್ನೆಯನ್ನು ಕೇಳಲಾರರು. ಗಡಿನಾಡಿನ ಕನ್ನಡ ಅಧ್ಯಾಪಕರಲ್ಲಿ ಕಾವ್ಯವನ್ನು ಸೊಗಸಾಗಿ ಓದಿಸಿದವರಿದ್ದಾರೆ, ಶಾಸನಗಳ ಜಾಡು ಹಿಡಿದು ಹೊಲಗದ್ದೆ ಅಲೆದವರಿದ್ದಾರೆ. ಒಂದು ಮಾತನ್ನು ಇನ್ನೊಬ್ಬರ ಮನಸ್ಸು ಒಪ್ಪುವಂತೆ ಬರೆಯುವುದು ಹೇಗೆ ಎಂಬ ಒಂದೇ ವಿದ್ಯೆಗೆ ಆಯುಷ್ಯವನ್ನು ಸವೆಸಿದವರು ಇವರೊಬ್ಬರೇ ಎಂದರೆ ಅದು ಅಭಿನಂದನೆಯ ಸಂದರ್ಭಕ್ಕಾಗಿ ಹಿಗ್ಗಿಸಿದ ಮಾತಾಗದು. ಪಠ್ಯಕ್ರಮದಲ್ಲಿ ‘ವಾದಪ್ರಬಂಧ’ ಎಂದು ಒಂದು ಸಾಲಿನಲ್ಲಿ ಅಡಗಿದ್ದ ಆ ಭಾಗವನ್ನು ಉಳಿದವರು ಪರೀಕ್ಷೆಯ ಹಿಂದಿನ ವಾರ ಮುಗಿಸುತ್ತಿದ್ದರು. ಇವರು ಅದರಿಂದಲೇ ವರ್ಷವನ್ನು ಆರಂಭಿಸುತ್ತಿದ್ದರು.

ಅವರ ತರಗತಿಯ ಕಟ್ಟಳೆ ಒಂದೇ. ವಿಷಯ ಯಾವುದೇ ಇರಲಿ, ತನ್ನ ಪಕ್ಷವನ್ನು ಬರೆಯುವ ಮೊದಲು ವಿದ್ಯಾರ್ಥಿಯು ಎದುರು ಪಕ್ಷದ ಮನುಷ್ಯನ ಬಳಿಗೆ ಹೋಗಬೇಕು. ಅವನ ವಾದವನ್ನು ಅವನೆದುರೇ ಹೇಳಬೇಕು. ಕೇಳಿದವನು “ಹೌದು, ಇದೇ ನನ್ನ ಮಾತು” ಎಂದ ಮೇಲಷ್ಟೇ ಹಾಳೆಗೆ ಕೈ ಹಚ್ಚಬೇಕು. ಅವನು ತಲೆ ಅಲ್ಲಾಡಿಸಿದರೆ ಮರಳಿ ಹೋಗಬೇಕು. ಮಕ್ಕಳು ಇದಕ್ಕೆ ‘ಹೌದು ತರೋದು’ ಎಂದು ಹೆಸರಿಟ್ಟಿದ್ದರು. ಉಮರ್ಗಾದ ಬಸ್‌ಸ್ಟ್ಯಾಂಡಿನಲ್ಲಿ ಹುಡುಗನೊಬ್ಬ ಕಂಟ್ರೋಲರನ ಮೇಜಿನೆದುರು ಕೈಕಟ್ಟಿ ನಿಂತಿದ್ದರೆ, ನೋಡಿದವರು “ಮ್ಯಾಡಮ್ ಕಳಿಸ್ಯಾರ ನೋಡ್, ಹೌದು ತರ್ಲಾಕ” ಎಂದು ನಗುತ್ತಿದ್ದರು.

ಈ ಕಟ್ಟಳೆ ಅವರಿಗೆ ಪುಸ್ತಕದಿಂದ ಬಂದುದಲ್ಲ, ಅಡುಗೆಮನೆಯಿಂದ ಬಂದುದು. ಬಸವಕಲ್ಯಾಣದ ಕಡೆಯಿಂದ ಉಮರ್ಗಾದ ಧಾನ್ಯವ್ಯಾಪಾರಿ ಮನ್ಮಥಪ್ಪನವರ ಮನೆಗೆ ಸೊಸೆಯಾಗಿ ಬಂದ ದಾನೇಶ್ವರಿಯವರು ಕಾಲೇಜಿನ ನೌಕರಿಗೆ ಹೊರಟಾಗ ಅತ್ತೆ ಕುಸುಮಬಾಯಿಯವರು ಒಪ್ಪಲಿಲ್ಲ. ಮಂದಿ ಆಡಿಕೊಳ್ಳುತ್ತಾರೆಂಬ ಅಂಜಿಕೆ ಇದ್ದೀತೆಂದು ಬಗೆದ ಸೊಸೆ ಅದಕ್ಕೆ ತಕ್ಕ ಸಮಾಧಾನಗಳನ್ನು ಒಂದರ ಮೇಲೊಂದು ಜೋಡಿಸಿದರು. ಕುಸುಮಬಾಯಿಯವರು ಎಲ್ಲವನ್ನೂ ಕೇಳಿ, “ಮಂದಿ ಮಾತು ಯಾರಿಗಿ ಬೇಕಾಗ್ಯಾದ ಬೇಟಿ? ಗಂಡಸರು ಅಂಗಡಿಗಿ ಹೋದ್ರ ಇಡೀ ಹಗಲು ನನ್ನ ಜೋಡಿ ಮಾತಾಡಾಕ ಯಾರು ಇರ್ತಾರ, ಅದು ಹೇಳು” ಎಂದರು. ಮಧ್ಯಾಹ್ನದ ಊಟಕ್ಕೆ ತಪ್ಪದೆ ಮನೆಗೆ ಬರುವ ಕರಾರಿನ ಮೇಲೆ ನೌಕರಿಗೆ ಒಪ್ಪಿಗೆ ಸಿಕ್ಕಿತು. ಪ್ರಾಚಾರ್ಯರ ಸಭೆ ನಡೆಯುತ್ತಿದ್ದರೂ ಗಂಟೆ ಹೊಡೆದೊಡನೆ ಎದ್ದು ಮನೆಯ ದಾರಿ ಹಿಡಿಯುತ್ತಿದ್ದ ಅವರನ್ನು ಕಂಡು ಸಹೋದ್ಯೋಗಿಗಳು ಮುಗುಳ್ನಗುತ್ತಿದ್ದರು. ಅತ್ತೆ ಇರುವವರೆಗೂ ಆ ಕರಾರು ಮುರಿಯಲಿಲ್ಲ.

ಗಣಪತಿ ಬಿಟ್ಟ ರಾತ್ರಿ ಈ ಸೀಮೆಯ ಊರೂರುಗಳನ್ನೇ ಕೆಡವಿದ ಭೂಕಂಪದ ಅನಂತರದ ಎರಡನೆಯ ವರ್ಷದಲ್ಲಿ ಅವರ ತರಗತಿಗೆ ಸುಗಂಧಾ ಎಂಬ ಹುಡುಗಿ ಬಂದಳು. ಮಾಕಣಿ ಹಾದಿಯ ತೊಗರವಾಡಿ ಅವಳ ಊರು. ಕಲ್ಲುಮಣ್ಣಿನ ಮನೆಗಳೆಲ್ಲ ಬಿದ್ದು, ಬದುಕಿ ಉಳಿದವರು ತಗಡಿನ ಶೆಡ್ಡುಗಳಲ್ಲಿ ಇದ್ದ ಊರು. ತಾಯಿ ಇಲ್ಲದ ಅವಳನ್ನು ಸಾಕಿದವಳು, ಅವಳು ‘ಆಯಿ’ ಎಂದು ಕರೆಯುವ ಅಜ್ಜಿ ಗೌರಾಬಾಯಿ. ತಂದೆ ಉದ್ಗೀರದ ದಾಲ್ ಮಿಲ್ಲಿನಲ್ಲಿ ದುಡಿಯುತ್ತ ವಾರಕ್ಕೊಮ್ಮೆ ಬಂದುಹೋಗುತ್ತಿದ್ದ. ಆ ವರ್ಷದ ವಿಷಯವನ್ನು ಆರಿಸುವ ಸ್ವಾತಂತ್ರ್ಯವನ್ನು ಮೇಡಮ್ಮರು ಮಕ್ಕಳಿಗೇ ಬಿಟ್ಟಿದ್ದರು. ಸುಗಂಧಾ ಬರೆದುಕೊಟ್ಟ ವಿಷಯ ಹೀಗಿತ್ತು: “ಹೊಸ ಮನೆಯ ಒಳಗೆ ಮಲಗಬೇಕು.”

ತರಗತಿ ನಕ್ಕಿತು. ಮೇಡಮ್ಮರು ನಗಲಿಲ್ಲ. “ಒಳಗ ಮಲಗಬ್ಯಾಡ ಅನ್ನೋರು ಯಾರು?” ಎಂದು ಕೇಳಿದರು.

“ನಮ್ಮ ಆಯಿ ರೀ.”

ಸಂಗತಿ ನಗುವಂಥದಾಗಿರಲಿಲ್ಲ. ಹಳೆಯ ಊರಿನಿಂದ ದೂರದ ಬಯಲಿನಲ್ಲಿ ಹೊಸ ಊರು ಎದ್ದಿತ್ತು. ಗೋಡೆಗಳಿಗೆ ಕಬ್ಬಿಣದ ಪಟ್ಟಿ, ಮೇಲೆ ಹಗುರಾದ ಛಾವಣಿ, ಸಾಲಾಗಿ ನಿಂತ ಮನೆಗಳು. ಗೌರಾಬಾಯಿಯ ಹೆಸರಿಗೂ ಒಂದು ಮನೆ ಬಂದಿತ್ತು. ಆಕೆ ಅಲ್ಲಿ ಅಡುಗೆ ಮಾಡುತ್ತಿದ್ದಳು, ಕಾಳು ಹಸನು ಮಾಡುತ್ತಿದ್ದಳು. ಕತ್ತಲಾದರೆ ಮಾತ್ರ ಎದ್ದು ಶೆಡ್ಡಿಗೆ ಹೋಗಿ ಮಲಗುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಶೆಡ್ಡುಗಳನ್ನು ಬಿಚ್ಚಿ ಒಯ್ಯುವುದೆಂದು ಡಂಗುರವಾದಾಗ ಆಕೆ, ತಾನು ಹಳೆಯ ಊರಿನ ಹಾಳಿಗೆ ಮರಳಿ ಚಪ್ಪರ ಹಾಕಿಕೊಂಡು ಇರುವುದಾಗಿ ಹೇಳಿಬಿಟ್ಟಳು. ಅಲ್ಲಿಂದ ಬಸ್ಸಿಲ್ಲ. ವಯಸ್ಸಾದ ಜೀವವನ್ನು ಹಾಳೂರಿನಲ್ಲಿ ಒಂಟಿಯಾಗಿ ಬಿಡುವಂತಿಲ್ಲ. ಅಜ್ಜಿ ಹೊರಟರೆ ಮೊಮ್ಮಗಳೂ ಹೊರಡಬೇಕು. ಹೊರಟರೆ ಕಾಲೇಜು ಅಲ್ಲಿಗೆ ಮುಗಿಯಿತು. ಹೀಗಾಗಿ ತರಗತಿಯಲ್ಲಿ ಉಳಿದವರು ಅಂಕಗಳಿಗಾಗಿ ಬರೆಯುತ್ತಿದ್ದ ಪ್ರಬಂಧವನ್ನು ಸುಗಂಧಾ ತನ್ನ ಓದನ್ನೇ ಪಣಕ್ಕಿಟ್ಟು ಬರೆಯಬೇಕಾಗಿತ್ತು.

ಆಕೆ ಮೊದಲು ತಂದ ಕರಡಿನಲ್ಲಿ ಪಟ್ಟಿಯ ಬಲ, ಛಾವಣಿಯ ತೂಕ, ಎಂಜಿನಿಯರರ ಮಾತು ಎಲ್ಲವೂ ಇದ್ದವು. ಮೇಡಮ್ಮರು ಕನ್ನಡಕ ಸರಿಪಡಿಸಿಕೊಂಡು, “ಬರವಣಿಗಿ ಛಲೋ ಅದ. ಹೌದು ತಂದಿಯೇನು?” ಎಂದರು. ತಂದಿರಲಿಲ್ಲ.

ಆ ಸಂಜೆ ಸುಗಂಧಾ ಶೆಡ್ಡಿನಲ್ಲಿ ಅಜ್ಜಿಯೆದುರು ಕುಳಿತು, “ಆಯಿ, ಗೋಡಿ ಮತ್ತ ಬೀಳ್ತಾವ ಅಂತ ನಿನಗ ಹೆದ್ರಿಕಿ. ಅದ್ಕ ಒಳಗ ಮಲಗಲ್ಲ. ಹೌದಲ್ಲ?” ಎಂದಳು.

“ಅಲ್ಲ” ಎಂದಳು ಗೌರಾಬಾಯಿ. “ಹೆದರಾಕಿ ಆಗಿದ್ರ ಈ ತಗಡಿನ ಬುಡಕ ಚೇಳಿನ ಜೋಡಿ ಮಲಗ್ತಿದ್ನೇನು?”

ಮರುದಿನ ಇನ್ನೊಂದು ಪ್ರಯತ್ನವಾಯಿತು. “ಹಳೀ ಊರಿನ ಮ್ಯಾಲಿನ ಮಾಯಾ ಬಿಡವಲ್ದು ನಿನಗ.”

“ಮಾಯಾ? ನೀರಿಗಿ ಅಷ್ಟು ದೂರ ನಡದು ನಡದು ಮೊಣಕಾಲು ಹೋದವು ನಂದು. ಆ ಊರು ಬಿಟ್ಟಿದ್ದಕ್ಕ ಒಂದು ಸುಖಾ ಆಗ್ಯಾದ. ಮೋರಿ ನೀರಿಗಿ ಜಗಳಾಡಿ ಮಾತು ಬಿಟ್ಟ ಆ ಶೇವಂತಿ, ಆಕಿ ಮಾರಿ ಮುಂಜಾನೆದ್ದು ನೋಡೋದು ತಪ್ಪ್ಯಾದ. ಆಕಿಗಿ ಆ ಕಡಿ ಸಾಲಿನಾಗ ಮನಿ ಕೊಟ್ಟಾರ, ಸರ್ಕಾರಕ್ಕ ಪುಣ್ಯ ಬರ್ಲಿ.”

ಸುಗಂಧಾ ಸೋತ ಮುಖ ಹೊತ್ತು ತರಗತಿಗೆ ಮರಳಿದಳು. ಇಲ್ಲಿ ಉಳಿದ ಅಧ್ಯಾಪಕರಾಗಿದ್ದರೆ ಬೇರೆ ವಿಷಯ ಆರಿಸಿಕೊಳ್ಳೆಂದು ಹೇಳಿ ಮುಂದಕ್ಕೆ ಹೋಗುತ್ತಿದ್ದರೋ ಏನೋ. ದಾನೇಶ್ವರಿಯವರಿಗೆ ಮಾತ್ರ, ಹೆದರಿಕೆಯೂ ಅಲ್ಲದ ಮೋಹವೂ ಅಲ್ಲದ ಆ ಮೂರನೆಯ ಕಾರಣ ಏನಿದ್ದೀತೆಂಬ ಕುತೂಹಲ ಹತ್ತಿಕೊಂಡಿತು. ಶನಿವಾರ ಅತ್ತೆಗೆ ಊಟ ಬಡಿಸಿ, ಅಪ್ಪಣೆ ಪಡೆದು, ಮಾಕಣಿಯ ಬಸ್ಸು ಹತ್ತಿದರು. ರಾತ್ರಿ ಶೆಡ್ಡಿನಲ್ಲೇ ಉಳಿದರು.

ಗೌರಾಬಾಯಿ ಸಂಕೋಚದಿಂದ ಮುದ್ದೆಯಾದಳು. “ಅಕ್ಕೋರ, ಹೊಸ ಮನ್ಯಾಗ ಮಲಗ್ರಿ. ಇಲ್ಲಿ ಕಟ್ಟಿಗಿ, ಕುಳ್ಳು, ಇಲಿ ಅವ.”

“ನೀವು ಎಲ್ಲೋ ನಾನೂ ಅಲ್ಲೇ” ಎಂದು ಮೇಡಮ್ಮರು ಚಾಪೆ ಹಾಸಿದರು. ವಾದದ ಸುದ್ದಿಯನ್ನೇ ಎತ್ತಲಿಲ್ಲ. ಅಜ್ಜಿ ಹಾಸಿಗೆ ಬಿಡಿಸುವುದನ್ನು ಸುಮ್ಮನೆ ನೋಡುತ್ತಿದ್ದರು. ಗಾಳಿ ಬರುವ ಕಡೆ ಬಿಟ್ಟು, ಬೆಚ್ಚಗಿನ ಮೂಲೆ ಬಿಟ್ಟು, ಆಕೆ ತಲೆದಿಂಬನ್ನು ತಗಡಿನ ಬಾಗಿಲಿಗೆ ತಾಗಿಸಿ ಇಟ್ಟುಕೊಂಡಳು.

“ಆಯಿ, ತಲಿ ಬಾಗಲಕಡಿ ಯಾಕ ಹಾಕ್ತೀರಿ? ಥಂಡಿ ಬಡಿಯಲ್ಲೇನು?”

“ಬಡಿದ್ರ ಕೇಳಬೇಕಲ್ರೀ” ಎಂದಳು ಗೌರಾಬಾಯಿ.

“ಯಾರು ಬಡೀತಾರ?”

ಮೊಮ್ಮಗಳಿಗೂ ಅದುವರೆಗೆ ಹೇಳದ ಸಂಗತಿಯನ್ನು ಆಕೆ ಆಗ ಹೇಳಿದಳು. ಭೂಕಂಪದ ರಾತ್ರಿ ಹಿತ್ತಲ ಬಾಗಿಲನ್ನು ಯಾರೋ ಬಡಿದಿದ್ದರು. ತೆರೆದು ನೋಡಿದರೆ ಯಾರೂ ಇರಲಿಲ್ಲ. ಗೂಟದಲ್ಲಿ ಕಟ್ಟಿದ್ದ ಆಕಳೂ ಇರಲಿಲ್ಲ. ಹುಡುಕಲು ಬ್ಯಾಟರಿ ಹಿಡಿಯಲೆಂದು ಆಕೆ ಸುಗಂಧಾಳನ್ನು ಎಬ್ಬಿಸಿ ಹೊರಗೆ ಕರೆತಂದಳು. ಇಬ್ಬರೂ ದನದ ಓಣಿಗೆ ಕಾಲಿಡುತ್ತಿದ್ದಂತೆ ನೆಲ ಗುಡುಗಿತು; ಹಿಂದಿರುಗಿ ನೋಡಿದಾಗ ಮನೆಯ ಜಾಗದಲ್ಲಿ ಧೂಳು ಮಾತ್ರ ನಿಂತಿತ್ತು.

“ಗೋಡಿ ಗಟ್ಟಿ ಅವ ಅಂತೀರಿ, ನಾ ಇಲ್ಲ ಅಂತೀನೇನು?” ಎಂದಳು ಗೌರಾಬಾಯಿ. “ಆದ್ರ ಅವತ್ತು ನಮ್ಮನ್ನ ಉಳಿಸಿದ್ದು ಗೋಡಿ ಅಲ್ಲ, ಬಡಿದಾಂವಾ. ಹೊಸ ಊರಾಗ ಮನಿಗಿ ಮನಿ ದೂರ. ಹೊಲದ ಲೆಕ್ಕದ ಮ್ಯಾಲ ಮನಿ ಹಂಚಿ ನಮ್ಮ ಗಲ್ಲಿ ಮಂದಿನೆಲ್ಲಾ ಒಬ್ಬೊಬ್ಬರನ್ನ ಒಂದೊಂದು ಮೂಲಿಗಿ ಒಗದಾರ. ಬಾಜೂದಾಂವಾ ಊರ ಆ ಕಡೀದಾಂವಾ, ನಮ್ಮ ಗಲ್ಲಿಯಾಂವಾ ಅಲ್ಲ. ಅಲ್ಲಿ ನನ್ನ ಬಾಗಲಾ ಯಾರು ಬಡೀಬೇಕು? ಬಡಿದಾಂವಾ ಮತ್ತ ಹುಡುಕ್ಕೋತ ಬಂದ್ರ ಹಳೀ ಊರಿಗೇ ಬರ್ತಾನ.”

ಮೇಡಮ್ಮರು ಸುಗಂಧಾಳ ಕಡೆ ನೋಡಿದರು. ಸುಗಂಧಾ ಅಜ್ಜಿಯ ಮಾತನ್ನೆಲ್ಲ ಒಟ್ಟುಗೂಡಿಸಿ, ಗೋಡೆಗಿಂತ ನೆರೆಹೊರೆ ಮುಖ್ಯ, ಎಬ್ಬಿಸುವವರಿಲ್ಲದ ಮನೆ ಎಷ್ಟು ಗಟ್ಟಿಯಾದರೂ ಅರ್ಧ ಮನೆಯೇ ಎಂದು ನಿಧಾನವಾಗಿ ಹೇಳಿದಳು.

“ಹೌದು” ಎಂದಳು ಗೌರಾಬಾಯಿ. “ಇದೇ ನನ್ನ ಮಾತು.”

ಬರೆಯುವ ಅಪ್ಪಣೆ ಸಿಕ್ಕಿತು. ಬರೆಯಲು ಮಾತ್ರ ಏನೂ ಉಳಿಯಲಿಲ್ಲ. ಪಟ್ಟಿಯ ಬಲ, ಛಾವಣಿಯ ತೂಕಗಳೆಲ್ಲ ಆ ಒಂದು ‘ಹೌದು’ವಿನಿಂದ ನಿರುಪಯೋಗಿಯಾದವು. ಬೆಳಗ್ಗೆ ಬಸ್ಸಿಗೆ ಕಾಯುತ್ತ ನಿಂತಾಗ ಮೇಡಮ್ಮರು ಹೇಳಿದ್ದು ಇಷ್ಟು: “ನೀ ಉತ್ತರಾ ಆಕಿ ಪ್ರಶ್ನಿಗಿ ಕೊಡಬೇಕು. ನಿನ್ನ ಪ್ರಶ್ನಿಗಿ ಅಲ್ಲ.” ಆಕೆಯ ಪ್ರಶ್ನೆ ಸ್ಪಷ್ಟವಾಗಿಯೇ ಇತ್ತು. ಬಾಗಿಲು ಬಡಿದವರು ಯಾರು?

ಸುಗಂಧಾ ಹುಡುಕಲು ಹೊರಟಳು. ಸುದ್ದಿ ಹಬ್ಬಿದ್ದೇ ತಡ, ಕೆಲವರು ಖಂಡೋಬ ದೇವರೇ ಬಂದು ಬಡಿದನೆಂದು ತೆಂಗಿನಕಾಯಿ ಒಡೆದರು. ಇನ್ನು ಕೆಲವರು ಬಡಿದವರು ತಾವೇ ಎಂದರು. ಅವರಲ್ಲಿ ಮೊದಲಿಗ ಕಾಶೆಪ್ಪ. ಕಂಡಕ್ಟರನಾಗಿ ನಿವೃತ್ತನಾಗಿ, ಹೊಸ ಊರಿನಲ್ಲಿ ಗೌರಾಬಾಯಿಯ ಪಕ್ಕದ ಮನೆ ಪಡೆದಿದ್ದವನು.

“ಬಡಿದಾಂವಾ ನಾನೇ ಗೌರಕ್ಕಾ” ಎಂದು ಆತ ಕಟ್ಟೆಯ ಮೇಲೆ ಕುಳಿತು ಮೀಸೆ ಸವರಿಕೊಂಡ. “ಯಾಕೋ ಎದಿ ಡವಡವ ಅಂದಿತ್ತು. ಬಂದು ಬಡಿದೆ.”

“ಯಾವ ಬಾಗಲಾ ಬಡಿದಿ?”

“ಯಾವ ಬಾಗಲಾ ಅಂದ್ರ? ಮುಂದಿನ ಬಾಗಲಾ.”

“ಟಿಕೇಟು ತಪ್ಪು ಹರದಿ ಕಾಶಣ್ಣಾ” ಎಂದಳು ಗೌರಾಬಾಯಿ. “ಇಳಿ ಕೆಳಗ.”

ಕಟ್ಟೆ ನಗೆಯಲ್ಲಿ ತೇಲಿತು. ಅವನ ಹಿಂದೆ ಬಂದವರೂ ಮುಂಬಾಗಿಲನ್ನೇ ಬಡಿದು ಸೋತು ಹೋದರು. ಸುಗಂಧಾ ಮೇಡಮ್ಮರಿಗೆ ಇದನ್ನೆಲ್ಲ ವರದಿ ಮಾಡಿದಾಗ ಅವರು ಪೆನ್ನಿನ ಮುಚ್ಚಳ ತಿರುವಿದರು. “ಹೇಳಿಕೊಂಡವರು ಇಷ್ಟು ಮಂದಿ ಆದ್ರು. ಹೇಳದೇ ಉಳದವರು ಯಾರು?” ಎಂದು ಕೇಳಿದರು.

ಆ ಸೀಮೆಯನ್ನು ಬಲ್ಲವರಿಗೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಭೂಕಂಪದ ಅನಂತರ ಅಲ್ಲಿ ಒಂದು ಸಂಪ್ರದಾಯವೇ ಬೆಳೆದಿತ್ತು: ಇಬ್ಬರು ಕೂಡಿದರೆ, ಆ ರಾತ್ರಿ ನಾನೆಲ್ಲಿದ್ದೆ, ಏನು ಮಾಡುತ್ತಿದ್ದೆ ಎಂದು ಪ್ರತಿಯೊಬ್ಬರೂ ಹೇಳುವುದು. ನೂರು ಸಲ ಹೇಳಿದ್ದನ್ನೇ ಮತ್ತೆ ಹೇಳುವರು, ನೂರು ಸಲ ಕೇಳಿದ್ದನ್ನೇ ಮತ್ತೆ ಕೇಳುವರು. ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ನಳದ ಸರದಿಯಲ್ಲಿ ಯಾರೂ ಅದರಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಸುಗಂಧಾ ನಳದ ಬಳಿ ಕೊಡವಿಟ್ಟುಕೊಂಡು ದಿನವೂ ಕುಳಿತು ಕೇಳತೊಡಗಿದಳು. ಒಬ್ಬ ಹೆಂಗಸು ಮಾತ್ರ, ಮಾತಿನ ಸರದಿ ತನ್ನತ್ತ ತಿರುಗುವ ಹೊತ್ತಿಗೆ ಸರಿಯಾಗಿ, ಅರ್ಧ ತುಂಬಿದ ಕೊಡವನ್ನೇ ಸೊಂಟಕ್ಕೇರಿಸಿ ಹೋಗಿಬಿಡುತ್ತಿದ್ದಳು. ನೀರಿಗೆ ಅಷ್ಟು ಹೊತ್ತು ಕಾದು ಅರ್ಧ ಕೊಡ ಒಯ್ಯುವವರು ಯಾರಿದ್ದಾರೆ?

ಸುಗಂಧಾ ಆಕೆಯ ಬೆನ್ನು ಹತ್ತಿ ಮನೆಗೆ ಹೋದಳು. ಹೊಸ್ತಿಲಲ್ಲೇ ನಿಂತು, ಕಲಿತ ಕಟ್ಟಳೆಯನ್ನೇ ಪಾಲಿಸಿ, ಆಕೆಯ ಮನಸ್ಸಿನ ಮಾತನ್ನು ಆಕೆಗೇ ಹೇಳಿದಳು. “ಬಡಿದಾಕಿ ನೀನೇ. ಹೇಳಿಕೊಂಡ್ರ ಬಡಾಯಿ ಆಗ್ತದ ಅಂತ ಸುಮ್ಮನಿದ್ದಿ.”

ಆಕೆ ತಲೆ ಅಲ್ಲಾಡಿಸಿದಳು.

“ಹೇಳಿದ್ರ ಯಾರೂ ನಂಬಲ್ಲ ಅಂತ ಸುಮ್ಮನಿದ್ದಿ.”

ಮತ್ತೆ ಅದೇ. ಸುಗಂಧಾ ಯೋಚಿಸಿದಳು. ಬಡಿದದ್ದು ಹಿತ್ತಲ ಬಾಗಿಲು. ಬಡಿದವರು ನಿಲ್ಲಲಿಲ್ಲ. ಆಕಳು ಗೂಟದಲ್ಲಿರಲಿಲ್ಲ. “ಉಳಸಾಕ ಬಂದಿರ್ಲಿಲ್ಲ ನೀ” ಎಂದಳು ಮೆಲ್ಲಗೆ. “ಜಗಳಾಡಾಕ ಬಂದಿದ್ದಿ.”

“ಹೌದು” ಎಂದಳು ಆ ಹೆಂಗಸು. ಕೊಡ ಕೆಳಗಿಟ್ಟಳು. “ನಿಮ್ಮ ಆಕಳ ಹಗ್ಗಾ ಹರಕೊಂಡು ಬಂದು ನನ್ನ ಮೇವಿನ ಕಣಿಕಿ ಬಣವಿಗಿ ಬಾಯಿ ಹಾಕಿತ್ತು. ಬಂದು ಬಡಿದೆ. ನಿಮ್ಮ ಆಯಿ ಏಳೋದ್ರಾಗ ಉಳಿದ ಕಣಿಕಿನೂ ಹೋಗ್ತದಂತ ಓಡಿದೆ. ಆಮ್ಯಾಗ ಎಲ್ಲಾ ಬಿತ್ತು. ಈಗ ನೋಡಿದ್ರ ಊರೆಲ್ಲಾ ದೇವರು ಬಡಿದಾನ ಅಂತದ. ಬೈಲಾಕ ಬಂದಾಕಿ ನಾ, ದೇವರ ಜಾಗಾದಾಗ ಹ್ಯಾಂಗ ಕುಂದರ್ಲಿ, ನೀನೇ ಹೇಳವ್ವಾ.”

ಅಜ್ಜಿಯ ಪಕ್ಕದ ಮನೆ ಸಿಕ್ಕರೆ ಬರುವೆಯಾ ಎಂದಷ್ಟೇ ಸುಗಂಧಾ ಕೇಳಿದಳು. ಆಕೆ ಬೇಡವೆನ್ನಲಿಲ್ಲ. ಕಾಶೆಪ್ಪನ ಒಪ್ಪಿಗೆ ಪಡೆಯಲು ಮೇಡಮ್ಮರೇ ಅವನ ಕಟ್ಟೆಗೆ ಹೋದರು. “ಬಡಿದ ಹೆಸರು ನನಗ ದಕ್ಕಲಿಲ್ಲ, ಮನಿ ಬಿಟ್ಟ ಹೆಸರಾದ್ರೂ ಇರ್ಲಿ ರೀ” ಎಂದು ಆತ ಅದಲುಬದಲಿಗೆ ಒಪ್ಪಿಕೊಂಡ.

ಪ್ರಬಂಧ ಸಿದ್ಧವಾಯಿತು. ಮೇಡಮ್ಮರ ಇನ್ನೊಂದು ಕಟ್ಟಳೆಯಂತೆ ಅದನ್ನು ಮೊದಲು ಓದಿ ಹೇಳಬೇಕಾದದ್ದು ಎದುರಾಳಿಗೆ, ಅಧ್ಯಾಪಕರಿಗಲ್ಲ. ದೀಪಾವಳಿಗೆ ಇನ್ನು ಕೆಲವೇ ದಿನಗಳಿದ್ದ ಒಂದು ಸಂಜೆ, ಪಕ್ಕದ ಸಾಲಿನ ಶೆಡ್ಡುಗಳ ತಗಡು ಕಳಚುವ ಸದ್ದಿನ ನಡುವೆ, ಗೌರಾಬಾಯಿ ಕಟ್ಟಿದ ಗಂಟಿನ ಮೇಲೆ ಕುಳಿತು ಕೇಳಿದಳು; ಮೇಡಮ್ಮರೂ ಬಂದು ಪಕ್ಕದಲ್ಲಿ ಕುಳಿತಿದ್ದರು. ತನ್ನ ವಾದವನ್ನು ಮೊಮ್ಮಗಳು ತನಗಿಂತ ಚೆನ್ನಾಗಿ ಹೇಳಿದ ಭಾಗಕ್ಕೆ ತಲೆದೂಗಿದಳು. ಬಡಿದವರು ದೇವರಲ್ಲ, ಮನುಷ್ಯರು; ಸಿಟ್ಟಿನಿಂದ ಬಡಿದರು, ಆದರೂ ಬಡಿತ ಬಡಿತವೇ; ಆ ಕೈ ಈಗ ನಮ್ಮ ಪಕ್ಕದ ಮನೆಯಲ್ಲಿ ಇರಲು ಒಪ್ಪಿದೆ ಎಂಬಲ್ಲಿಗೆ ಆಕೆ ಕೈ ಎತ್ತಿ ತಡೆದಳು.

“ಹೆಸರು ಹೇಳು. ಆಮ್ಯಾಗ ಹಾಸಿಗಿ ಮಾತು.”

ಸುಗಂಧಾ ಮೇಡಮ್ಮರ ಮುಖ ನೋಡಿದಳು. ಅವರು ಮುಖ ಬೇರೆಡೆ ತಿರುಗಿಸಿದರು. ವಾದದ ಕೊನೆಯ ಸಾಲನ್ನು ಬರೆದವರೇ ಓದಬೇಕೆಂಬುದು ಅವರ ಮತ.

ಧಾರಾವಾಹಿಯ ಚಟವುಳ್ಳ ಲೇಖನಿ ಇಲ್ಲಿ ಒಂದು ಗಳಿಗೆ ನಿಲ್ಲುವುದನ್ನು ಸಂಪಾದಕರು ಮನ್ನಿಸಬೇಕು. ಅಭಿನಂದನೆಯ ಕರ್ತವ್ಯ ಇನ್ನೂ ಉಳಿದಿದೆ. ಅನಂತರದ ವರ್ಷಗಳಲ್ಲಿ ದಾನೇಶ್ವರಿಯವರು ನಿಲಂಗಾದಲ್ಲಿ ರವಿವಾರದ ಉಚಿತ ತರಗತಿಯನ್ನು ನಡೆಸಿದರು. ಬಸ್ಸು ತಪ್ಪಿದ ದಿನ ಲಾರಿಯ ಮುಂಗಡೆ ಕುಳಿತು ಹೋಗಿ, ಡ್ರೈವರನನ್ನೂ ಒಂದು ವಿಷಯದ ಎದುರು ಪಕ್ಷವನ್ನಾಗಿ ಮಾಡಿಕೊಂಡು ಇಳಿದ ಉದಾಹರಣೆ ಇದೆ. ಉದ್ಗೀರಕ್ಕೆ ವರ್ಗವಾದ ಮೇಲೆ, ಟ್ರ್ಯಾಕ್ಟರಿಗಿಂತ ದೇವಣಿ ತಳಿಯ ಎತ್ತೇ ಮೇಲೆಂದು ವಾದಿಸಲು ಹೊರಟ ವಿದ್ಯಾರ್ಥಿಯೊಬ್ಬ ಟ್ರ್ಯಾಕ್ಟರಿನವನ ‘ಹೌದು’ ತರಲು ಹೋಗಿ, ಪಕ್ಷವನ್ನೇ ಬದಲಿಸಿಕೊಂಡು ಬಂದ. ಅವನಿಗೆ ಅವರು ಎರಡು ಪ್ರಬಂಧ ಬರೆಸಿ, ಎರಡಕ್ಕೂ ಅಂಕ ಕೊಟ್ಟರು. ತಮ್ಮ ವಾದದಲ್ಲಿ ಸೋತವರನ್ನು ಅವರು ಎಂದೂ ಹೀಯಾಳಿಸಲಿಲ್ಲ. ಎದುರಿನವರ ಮಾತನ್ನು ತಪ್ಪಾಗಿ ಹೇಳಿ ಗೆದ್ದವರನ್ನು ಎಂದೂ ಮನ್ನಿಸಲಿಲ್ಲ. ಸುಗಂಧಾ ಇಂದು ನಿಲಂಗಾದ ಶಾಲೆಯೊಂದರಲ್ಲಿ ಅದೇ ಪಾಠವನ್ನು ಹೇಳುತ್ತಿದ್ದಾಳೆ. ನಿವೃತ್ತಿಯಾದ ಮೇಲೆ ವಿಶ್ರಾಂತಿ ಪಡೆಯಿರೆಂದು ಒತ್ತಾಯಿಸಿದ ಹಳೆಯ ವಿದ್ಯಾರ್ಥಿಗಳಿಗೆ ಮೇಡಮ್ಮರು, ತಾವೇಕೆ ಒಪ್ಪುವುದಿಲ್ಲವೆಂಬುದನ್ನು ಮೊದಲು ಸರಿಯಾಗಿ ಹೇಳಿ ‘ಹೌದು’ ಪಡೆದುಕೊಳ್ಳಿರೆಂದು ಸವಾಲು ಹಾಕಿದ್ದಾರಂತೆ. ಈವರೆಗೆ ಯಾರಿಗೂ ಅದು ಸಿಕ್ಕಿಲ್ಲ. ಹಾಗೆ ಸಿಗದೆಯೇ ಇರಲಿ. ಅವರ ಕಣ್ಣಿನ ಕುತೂಹಲ ಮಾಸದಿರಲಿ, ಕಾಲಿನ ಕಸುವು ಕುಂದದಿರಲಿ, ಮುಂದಿನ ಹಲವು ದಶಕಗಳ ಮಕ್ಕಳು ಅವರ ಮಾತಿಗೆ ಊರೂರ ಬಾಗಿಲಿಗೆ ಹೋಗಿ ನಿಲ್ಲುವಂತಾಗಲಿ ಎಂಬುದು ಈ ಸೀಮೆಯ ಕನ್ನಡಿಗರೆಲ್ಲರ ತುಂಬು ಹಾರೈಕೆ.

ಇನ್ನು ಆ ಸಂಜೆ. ಸುಗಂಧಾ ಕೊನೆಯ ಸಾಲನ್ನು ಓದಿದಳು. ಗೌರಾಬಾಯಿ ಇನ್ನೊಮ್ಮೆ ಓದಿಸಿ ಕೇಳಿದಳು. ತಗಡು ಕಳಚುವವರು ಇವರ ಶೆಡ್ಡಿನ ಬಳಿಗೆ ಬಂದು ನಿಂತಾಗ, ಆಕೆ ಗಂಟಿನಿಂದೆದ್ದು, ಹಾಸಿಗೆಯ ಸುರುಳಿಯನ್ನು ತಾನೇ ಬಗಲಲ್ಲಿ ಹಿಡಿದು ಹೊಸ ಮನೆಯೊಳಗೆ ಹೋದಳು. ಆ ಸಾಲು ಇದು:

“ನಮ್ಮ ಹಿತ್ತಲ ಬಾಗಿಲನ್ನು ಬಡಿದವಳು ಶೇವಂತಾಬಾಯಿ.”